ಮೂರು ವಾರದ ತಲೆನೋವು, ಒಂದು ಬೆಳಗಿನ ಲಕ್ವ: ಮೆದುಳಿನ ಕ್ಷಯದಲ್ಲಿ ರಕ್ತ ಏಕೆ ಹೆಪ್ಪುಗಟ್ಟುತ್ತದೆ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಯಾರಿಗಾದರೂ ಒಂದು ಮಗ್ಗುಲಿನ ಕೈಕಾಲು ಬಿದ್ದುಹೋದರೆ ಆಸ್ಪತ್ರೆಯ ಬಾಗಿಲಲ್ಲಿ ಮೊದಲು ಕೇಳುವುದು ‘ಬಿಪಿ ಇತ್ತಾ, ಶುಗರ್ ಇತ್ತಾ’ ಎಂದು. ಕೇಳಬೇಕಾದದ್ದೇ. ಆದರೆ ಬಿದ್ದವರ ವಯಸ್ಸು ಇಪ್ಪತ್ತೈದೋ ಮೂವತ್ತೈದೋ ಆಗಿದ್ದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರಬೇಕು: ‘ಇದಕ್ಕೆ ಮುಂಚೆ ಎಷ್ಟು ದಿನದಿಂದ ತಲೆನೋವು, ಜ್ವರ ಇತ್ತು?’ ಎರಡು ವಾರ, ಮೂರು ವಾರ, ಒಂದು ತಿಂಗಳು ಎಂಬ ಉತ್ತರ ಬಂದರೆ ಅದನ್ನು ಬರಿಯ ಲಕ್ವ ಎಂದು ಬರೆದು ಮುಗಿಸುವಂತಿಲ್ಲ. ಮೆದುಳಿನ ಪೊರೆಗೆ ಹತ್ತಿದ ಕ್ಷಯ ಅಲ್ಲಿನ ರಕ್ತನಾಳವನ್ನು ಮುಚ್ಚಿರಬಹುದು.

2024ರ ಡಿಸೆಂಬರ್ 7ರಂದು ಶುರುವಾದ 100 ದಿನಗಳ ಕ್ಷಯಮುಕ್ತ ಭಾರತ ಅಭಿಯಾನದ ನಂತರ ಕ್ಷಯದ ಮಾತು ಮತ್ತೆ ಊರೂರಿಗೆ ಬಂದಿದೆ. ಹೊತ್ತೊಯ್ಯಬಹುದಾದ ಎಕ್ಸ್‌ರೇ ಯಂತ್ರ, ಕಫದ ಪರೀಕ್ಷೆ, ಆಶಾ ಕಾರ್ಯಕರ್ತೆಯರ ಮನೆಭೇಟಿ, ಎಲ್ಲವೂ ಶ್ವಾಸಕೋಶದ ಕ್ಷಯ ಹುಡುಕಲು ಸರಿಯಾದ ದಾರಿ. ಮೆದುಳಿನ ಕ್ಷಯ ಮಾತ್ರ ಈ ಜರಡಿಯಲ್ಲಿ ಉಳಿಯುವುದಿಲ್ಲ. ಬಹಳ ಸಲ ಕೆಮ್ಮೇ ಇರುವುದಿಲ್ಲ, ಕಫ ಕೊಡೋಣವೆಂದರೆ ಬರುವುದಿಲ್ಲ, ಎದೆಯ ಎಕ್ಸ್‌ರೇಯಲ್ಲಿ ದೋಷ ಕಾಣುವುದು ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ. ಒಟ್ಟು ಕ್ಷಯ ಪ್ರಕರಣಗಳಲ್ಲಿ ಇದರ ಪಾಲು ನೂರಕ್ಕೆ ಒಂದರಿಂದ ಐದು ಇರಬಹುದು. ಆದರೆ ರೋಗ ತಗುಲಿದವರ ಲೆಕ್ಕದಲ್ಲಿ ನೋಡಿದರೆ, ಕ್ಷಯದ ರೂಪಗಳಲ್ಲೆಲ್ಲ ಹೆಚ್ಚು ಜೀವ ತೆಗೆಯುವುದು ಇದೇ. ಉಳಿದವರಲ್ಲೂ ಹಲವರಿಗೆ ಕೈ, ಮಾತು, ನೋಟ ಇವುಗಳಲ್ಲಿ ಒಂದನ್ನು ಕಸಿದುಕೊಂಡು ಹೋಗುತ್ತದೆ. ಆ ಕಸಿತದ ದೊಡ್ಡ ಪಾಲು ರಕ್ತನಾಳದ್ದು. ಮೆದುಳಿನ ಕ್ಷಯ ಇರುವವರಲ್ಲಿ ನೂರಕ್ಕೆ 15ರಿಂದ 57 ಜನಕ್ಕೆ ಲಕ್ವ ಆಗುತ್ತದೆಂದು ಬೇರೆಬೇರೆ ಅಧ್ಯಯನಗಳು ಹೇಳುತ್ತವೆ. ಅಂತರ ಇಷ್ಟು ದೊಡ್ಡದಿರಲು ಕಾರಣವುಂಟು: ಬೇಗ ಬಂದವರನ್ನು ನೋಡಿದ ಕಡೆ ಸಂಖ್ಯೆ ಚಿಕ್ಕದು, ಪ್ರಜ್ಞೆ ತಪ್ಪಿ ಬಂದವರನ್ನು ನೋಡಿದ ಕಡೆ ದೊಡ್ಡದು. ಎಂಆರ್‌ಐ ಮಾಡಿ ಹುಡುಕಿದ ಕಡೆ ಇನ್ನೂ ದೊಡ್ಡದು.

ನಾಳ ಮುಚ್ಚುವ ಬಗೆ

ಕ್ಷಯದ ಬ್ಯಾಕ್ಟೀರಿಯಾ ಮೆದುಳಿಗೆ ನುಗ್ಗಿ ಅದನ್ನು ತಿಂದುಹಾಕುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ನಡೆಯುವುದು ಬೇರೆ. ಶ್ವಾಸಕೋಶದಿಂದ ರಕ್ತದೊಡನೆ ಹೊರಟ ಬ್ಯಾಕ್ಟೀರಿಯಾ ಮೆದುಳಿನ ಮೇಲ್ಪದರದಲ್ಲೋ ಪೊರೆಯಲ್ಲೋ ರಾಗಿ ಕಾಳಿನಂಥ ಗಂಟು ಕಟ್ಟಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿರುತ್ತದೆ. 1933ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞರಾದ ಅರ್ನಾಲ್ಡ್ ರಿಚ್ ಮತ್ತು ಹೋವರ್ಡ್ ಮೆಕಾರ್ಡಾಕ್ ಶವಪರೀಕ್ಷೆಗಳಲ್ಲಿ ಈ ಗಂಟುಗಳನ್ನು ಹುಡುಕಿ ತೋರಿಸಿದರು. ಗಂಟು ಒಡೆದು ಅದರೊಳಗಿನದು ಮೆದುಳಿನ ಸುತ್ತಲಿನ ನೀರಿಗೆ ಬಿದ್ದಾಗ ರೋಗ ಶುರು.

ಆಗ ದೇಹ ಸುರಿಸುವ ಉರಿಯೂತದ ಸ್ರಾವ ಗಂಜಿಯ ಹಾಗೆ ಅಂಟಂಟಾಗಿ ಮೆದುಳಿನ ತಳದಲ್ಲಿ ಹೆಪ್ಪುಗೂಡುತ್ತದೆ. ಮೆದುಳಿಗೆ ರಕ್ತ ತರುವ ದೊಡ್ಡ ನಾಳಗಳು ಉಂಗುರವಾಗಿ ಕೂಡಿಕೊಳ್ಳುವುದೂ ಆ ತಳದಲ್ಲೇ. ಅದನ್ನು ವಿಲ್ಲಿಸ್ ವರ್ತುಲ ಎನ್ನುತ್ತಾರೆ. ಸ್ರಾವದಲ್ಲಿ ಮುಳುಗಿದ ನಾಳದ ಗೋಡೆಗೆ ಉರಿಯೂತ ಹೊರಗಿನಿಂದ ಒಳಕ್ಕೆ ಇಳಿಯುತ್ತದೆ. ಮೊದಮೊದಲು ನಾಳ ಸೆಡೆತು ಕಿರಿದಾಗುತ್ತದೆ. ದಿನ ಕಳೆದಂತೆ ಒಳಪದರ ದಪ್ಪವಾಗಿ ಬೆಳೆಯುತ್ತದೆ. ಕಿರಿದಾದ, ಒರಟಾದ ಆ ದಾರಿಯಲ್ಲಿ ಕೊನೆಗೆ ರಕ್ತ ಹೆಪ್ಪುಗಟ್ಟುತ್ತದೆ.

ಕೋಲಾರ, ಚಿಕ್ಕಬಳ್ಳಾಪುರದ ಟೊಮೇಟೊ ಬೆಳೆಗಾರರಿಗೆ ಡ್ರಿಪ್ ಪೈಪಿನ ಪಾಡು ಗೊತ್ತು. ಕೊಳವೆಬಾವಿಯ ಉಪ್ಪುನೀರಿಗೆ ಮೊದಲು ಕಟ್ಟುವುದು ಸಣ್ಣ ತೂತು. ಮೇನ್ ಪೈಪಿನಲ್ಲಿ ನೀರು ಓಡುತ್ತಿದ್ದರೂ ಆ ತೂತಿನ ಕೆಳಗಿನ ಗಿಡ ಒಣಗುತ್ತದೆ, ಪಕ್ಕದ ತೂತಿನ ನೀರು ಅದಕ್ಕೆ ಸಿಗುವುದಿಲ್ಲ. ವರ್ತುಲದಿಂದ ಮೇಲಕ್ಕೆ ಹೊರಡುವ ಎಳೆಯಂಥ ನಾಳಗಳ ಕಥೆಯೂ ಇದೇ. ಹಾಗಾಗಿ ಕ್ಷಯದ ಲಕ್ವದಲ್ಲಿ ಹಾನಿ ಕಾಣುವುದು ಮೆದುಳಿನ ಆಳದಲ್ಲಿ: ಕಾಡೇಟ್‌ನ ತಲೆಭಾಗ, ಥಲಾಮಸ್‌ನ ಮುಂಭಾಗ, ಇಂಟರ್ನಲ್ ಕ್ಯಾಪ್ಸೂಲ್‌ನ ಮುಂಭಾಗ ಮತ್ತು ಬಾಗಿದ ನಡುಭಾಗ. ಬಿಪಿ, ಶುಗರ್‌ನಿಂದಾಗುವ ಲಕ್ವದ ಹಾನಿ ಸಾಮಾನ್ಯವಾಗಿ ಇನ್ನೂ ಹಿಂದಕ್ಕೆ, ಹೊರಕ್ಕೆ ಇರುತ್ತದೆ. ಎಂಆರ್‌ಐ ಓದುವವರು ಈ ವ್ಯತ್ಯಾಸ ಗಮನಿಸಿದರೆ ಅಲ್ಲೇ ಒಂದು ಸುಳಿವು ಸಿಗುತ್ತದೆ. ಆದರೆ ಕ್ಷಯ ಹಿಂಭಾಗವನ್ನೂ ಬಿಡುವುದಿಲ್ಲವಾದ್ದರಿಂದ ಜಾಗವೊಂದನ್ನೇ ನಂಬಿ ತೀರ್ಮಾನಿಸಬಾರದು. ಇಂಟರ್ನಲ್ ಕ್ಯಾಪ್ಸೂಲ್‌ನಲ್ಲಿ ಕಡಲೆಕಾಳಿನಷ್ಟು ಜಾಗ ಸತ್ತರೂ ನಷ್ಟ ದೊಡ್ಡದು, ಏಕೆಂದರೆ ಕೈಕಾಲಿಗೆ ಹೋಗುವ ನರದೆಳೆಗಳೆಲ್ಲ ಅಲ್ಲಿ ಒತ್ತೊತ್ತಾಗಿ ಹಾದುಹೋಗುತ್ತವೆ.

ಇದು ನಾಳದ ಗೋಡೆಯ ಮಾತಾಯಿತು. ಕ್ಷಯದಲ್ಲಿ ರಕ್ತವೂ ಬದಲಾಗಿರುತ್ತದೆ. ಯಕೃತ್ತು ಹೆಪ್ಪಿನ ಎಳೆಯಾಗುವ ಫೈಬ್ರಿನೋಜೆನ್ ಹೆಚ್ಚು ಮಾಡುತ್ತದೆ, ಪ್ಲೇಟ್‌ಲೆಟ್ ಏರುತ್ತದೆ, ಹೆಪ್ಪು ತಡೆಯಬೇಕಾದ ಆಂಟಿಥ್ರಾಂಬಿನ್, ಪ್ರೋಟೀನ್ ಸಿ, ಪ್ರೋಟೀನ್ ಎಸ್ ಇಳಿಯುತ್ತವೆ, ಕಟ್ಟಿದ ಹೆಪ್ಪು ಕರಗಿಸುವ ವ್ಯವಸ್ಥೆ ಮಂದವಾಗುತ್ತದೆ. ರೋಗಿ ಹಾಸಿಗೆ ಹಿಡಿದಿದ್ದರೆ ಕಾಲಿನ ಆಳದ ರಕ್ತನಾಳದಲ್ಲೂ ಹೆಪ್ಪು ಕಟ್ಟಬಹುದು. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ‘ಮಲಗಿ ಮಲಗಿ ಊದಿದೆ’ ಎಂದು ಎಣ್ಣೆ ಹಚ್ಚಿ ತಿಕ್ಕಬಾರದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಇಲ್ಲಿ ಹೆಚ್ಚು ನೆರವಿಗೆ ಬಾರದು. ಕ್ಷಯ ಇರುವವರಲ್ಲಿ ಹೆಪ್ಪು ಇಲ್ಲದಿದ್ದರೂ ಅದು ಏರಿರುತ್ತದೆ, ಕಾಲಿನ ಡಾಪ್ಲರ್ ಸ್ಕ್ಯಾನೇ ಆಗಬೇಕು.

ಬಾಣಂತಿ, ನೀರು ಮತ್ತು ಮೆದುಳಿನ ಸಿರೆ

ರಕ್ತ ತರುವ ನಾಳ ಮುಚ್ಚುವುದು ಒಂದು ಬಗೆ. ಮೆದುಳಿನಿಂದ ರಕ್ತ ಹೊರಹೋಗುವ ಸಿರೆಗಳಲ್ಲಿ ಹೆಪ್ಪು ಕಟ್ಟುವುದು ಇನ್ನೊಂದು. ಕ್ಷಯದಲ್ಲಿ ಇದು ಅಪರೂಪ. ಆದರೆ ತಪ್ಪಿಸಿಕೊಳ್ಳುವುದು ಸುಲಭ, ಚಿಕಿತ್ಸೆಯೂ ಬೇರೆ, ಹಾಗಾಗಿ ಬಿಡಿಸಿ ಹೇಳಬೇಕು. ಇಲ್ಲಿ ಕೈಕಾಲು ಬೀಳುವುದಕ್ಕಿಂತ ಮುಂಚೆ ತಲೆನೋವು ಒಮ್ಮೆಲೇ ಜೋರಾಗುತ್ತದೆ, ಮಲಗಿದರೆ ಹೆಚ್ಚುತ್ತದೆ, ನೋಟ ಮಂಜಾಗುತ್ತದೆ, ಫಿಟ್ಸ್ ಬರುತ್ತದೆ. ಕಣ್ಣಿನ ಹಿಂಭಾಗ ನೋಡಿದರೆ ನರ ಊದಿರುತ್ತದೆ. ಮೆದುಳಿನ ಕ್ಷಯದಲ್ಲಿ ನೀರು ತುಂಬಿ ಒತ್ತಡ ಏರಿದಾಗಲೂ ಇವೇ ಲಕ್ಷಣಗಳು ಬರುವುದರಿಂದ ಸಿರೆಯ ಹೆಪ್ಪು ಅದರ ಮರೆಯಲ್ಲಿ ಉಳಿದುಬಿಡುತ್ತದೆ. ಸಾದಾ ಸಿಟಿ ಸ್ಕ್ಯಾನ್‌ನಲ್ಲಿ ಅದು ಕಾಣದೆ ಹೋಗಬಹುದು. ಎಂಆರ್‌ಐ ಮಾಡಿಸುವಾಗಲೇ ಸಿರೆಗಳ ಚಿತ್ರಣ, ಅಂದರೆ ಎಂಆರ್‌ವಿ ಕೂಡ ಬೇಕೆಂದು ಚೀಟಿಯಲ್ಲಿ ಬರೆಯಬೇಕು. ಬರೆಯದಿದ್ದರೆ ಮಾಡುವುದಿಲ್ಲ.

ಸಿರೆಯ ಹೆಪ್ಪಿಗೆ ದೊಡ್ಡ ಕುಮ್ಮಕ್ಕು ನೀರಿನ ಕೊರತೆ. ವಾರಗಟ್ಟಲೆ ವಾಂತಿ, ಊಟ ಸೇರದಿರುವುದು, ಜ್ವರದ ಬೆವರು, ಮೇಲೆ ಪಾವಗಡದ ಏಪ್ರಿಲ್ ಬಿಸಿಲು ಸೇರಿದರೆ ರಕ್ತ ಗಟ್ಟಿಯಾಗುತ್ತದೆ. ಇದೆಲ್ಲ ಬಾಣಂತಿಯಲ್ಲಿ ಕೂಡಿದಾಗ ಅಪಾಯ ಅತಿ ಹೆಚ್ಚು. ಹೆರಿಗೆಯ ನಂತರದ ಆರು ವಾರ ರಕ್ತ ಸಹಜವಾಗಿಯೇ ಹೆಪ್ಪಿನ ಕಡೆ ವಾಲಿರುತ್ತದೆ, ಅಡಗಿದ್ದ ಕ್ಷಯ ತಲೆ ಎತ್ತುವುದೂ ಆ ಕಾಲದಲ್ಲೇ ಹೆಚ್ಚು. ನಮ್ಮ ಕಡೆ ಬಾಣಂತಿಗೆ ನೀರು ಅಳೆದು ಕೊಡುವ ಪದ್ಧತಿ ಇನ್ನೂ ಹಲವು ಮನೆಗಳಲ್ಲಿದೆ. ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಅಜ್ಜಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿಗೆ ಗೌರವ ಕೊಟ್ಟೇ ಹೇಳಬೇಕು: ಬಾಣಂತಿಗೆ ನೀರು ತಡೆಯಬೇಡಿ. ಬಿಸಿನೀರೇ ಕೊಡಿ, ಆದರೆ ಬೇಕಾದಷ್ಟು ಕೊಡಿ. ಹೆರಿಗೆಯಾದ ಎರಡು ಮೂರು ವಾರಕ್ಕೆ ತಲೆನೋವು ಬಿಡದೆ ಫಿಟ್ಸ್ ಬಂದರೆ ಅದು ಗಾಳಿ ಸೋಕಿದ್ದಲ್ಲ, 108ಕ್ಕೆ ಕರೆ ಮಾಡಬೇಕಾದ ತುರ್ತು.

ಕಳೆದುಹೋಗುವ ವಾರಗಳು

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅದು ಮೊದಲ ದೊಡ್ಡ ಸಮೀಕ್ಷೆಗಳನ್ನು ನಡೆಸಿದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಅಲ್ಲಿನ ರೋಗಿಗಳನ್ನು ಮಾತನಾಡಿಸಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾಗ, ರೋಗಿಗಳಲ್ಲಿ ಹೆಚ್ಚಿನವರಿಗೆ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧ ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು ಎಂದು ಅದು ತೋರಿಸಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ.

ಮೆದುಳಿನ ಕ್ಷಯದಲ್ಲಿ ಈ ಕಥೆ ಇವತ್ತಿಗೂ ಬದಲಾಗಿಲ್ಲ ಎಂಬುದು ಈ ಬರಹದ ಮುಖ್ಯ ದೂರು. ಬಾಟಲಿಯ ಜಾಗಕ್ಕೆ ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಟೈಫಾಯ್ಡ್ ಎಂದು ಒಂದು ವಾರದ ಇಂಜೆಕ್ಷನ್ ಬಂದಿವೆ, ಅಷ್ಟೇ. ರೋಗಿ ತಲೆನೋವಿಗೆಂದು ಮೂರು ಕಡೆ ತೋರಿಸಿರುತ್ತಾರೆ. ಕ್ಷಯಕ್ಕೂ ಕೆಲಸ ಮಾಡುವ ಲೆವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ ಕೊಟ್ಟಿದ್ದರಂತೂ ನಾಲ್ಕು ದಿನ ಹಗುರಾಗಿ ರೋಗ ಇನ್ನೂ ಮರೆಯಾಗುತ್ತದೆ. ನಾಳದ ಒಳಪದರ ದಪ್ಪವಾಗುವುದು ಈ ವಾರಗಳಲ್ಲೇ. ಪೂರ್ತಿ ಎಚ್ಚರವಿದ್ದು ಕೈಕಾಲಿನ ತೊಂದರೆ ಇಲ್ಲದ ಹಂತವನ್ನು ವೈದ್ಯರು ಮೊದಲ ದರ್ಜೆ ಎನ್ನುತ್ತಾರೆ. ಆಗ ಚಿಕಿತ್ಸೆ ಶುರುವಾದವರಲ್ಲಿ ಹೆಚ್ಚಿನವರು ಎದ್ದು ಓಡಾಡುತ್ತಾರೆ. ಪ್ರಜ್ಞೆ ತಪ್ಪಿದ ಮೂರನೇ ದರ್ಜೆಯಲ್ಲಿ ಬಂದವರಲ್ಲಿ ಅರ್ಧದಷ್ಟು ಜನ ಉಳಿಯುವುದೂ ಕಷ್ಟ.

ಕೋಲಾರದಲ್ಲಿ ಇನ್ನೊಂದು ಗೊಂದಲವಿದೆ. 1970ರ ದಶಕದ ಕೊನೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಅಲ್ಲಿ ಮಕ್ಕಳನ್ನು ಬಲಿ ತೆಗೆದುಕೊಂಡ ನೆನಪಿನಿಂದ ಜ್ವರ, ಫಿಟ್ಸ್ ಕಂಡರೆ ‘ಮೆದುಳು ಜ್ವರ’ ಎಂದುಬಿಡುತ್ತಾರೆ. ಮೆದುಳು ಜ್ವರ ಎರಡು ಮೂರು ದಿನದಲ್ಲಿ ಉಲ್ಬಣಿಸುತ್ತದೆ. ಕ್ಷಯಕ್ಕೆ ವಾರಗಳು ಬೇಕು. ಮಗು ಆಟ ಬಿಟ್ಟು ಮಂಕಾಗಿದೆ, ತೂಕ ಏರುತ್ತಿಲ್ಲ, ಬೆಳಿಗ್ಗೆ ಎದ್ದು ವಾಂತಿ ಮಾಡುತ್ತದೆ, ಮನೆಯಲ್ಲಿ ಯಾರಿಗೋ ಹಳೆಯ ಕೆಮ್ಮಿದೆ ಎಂದರೆ ಫಿಟ್ಸ್ ಬರುವತನಕ ಕಾಯುವಂತಿಲ್ಲ. ಕೆಜಿಎಫ್‌ನ ಗಣಿ 2001ರಲ್ಲಿ ಮುಚ್ಚಿದ್ದರೂ ಸಿಲಿಕಾ ದೂಳು ಕುಡಿದ ಶ್ವಾಸಕೋಶಗಳು ಆ ಊರಲ್ಲಿ ಇನ್ನೂ ಇವೆ. ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರದ್ದೂ ಅದೇ ಪಾಡು. ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಸಾಧ್ಯತೆ ಜೀವನಪೂರ್ತಿ ಹಲವು ಪಟ್ಟು ಹೆಚ್ಚು. ಅಂಥ ಮನೆಗಳಲ್ಲಿ ಬಿಡದ ತಲೆನೋವನ್ನು ಇನ್ನಷ್ಟು ಬೇಗ ಗಂಭೀರವಾಗಿ ನೋಡಬೇಕು.

ಖಚಿತಪಡಿಸಿಕೊಳ್ಳಲು ಬೆನ್ನಿನ ನೀರು, ಅಂದರೆ ಮೆದುಳಿನ ಸುತ್ತ ಇರುವ ಅದೇ ನೀರನ್ನು ಬೆನ್ನಿನ ಕಡೆಯಿಂದ, ತೆಗೆಯಲೇಬೇಕು. ‘ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬೀಳುತ್ತದೆ’ ಎಂಬ ಭಯದಿಂದ ಸಹಿ ಹಾಕದೆ ರೋಗಿಯನ್ನು ಮನೆಗೆ ಕರೆದೊಯ್ಯುವವರಿದ್ದಾರೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ, ಎರಡನೇ ಮೂಳೆಯ ಮಟ್ಟಕ್ಕೇ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು ನಾಲ್ಕನೇ ಮೂಳೆಗಳ ನಡುವೆ. ಅಲ್ಲಿ ಚುಚ್ಚಿ ಗಾಯವಾಗಲು ಹುರಿಯೇ ಇರುವುದಿಲ್ಲ. ಪ್ರಜ್ಞೆ ಕುಂದಿದ್ದರೆ, ಕೈಕಾಲು ಬಿದ್ದಿದ್ದರೆ ಮೊದಲು ತಲೆಯ ಸ್ಕ್ಯಾನ್ ಮಾಡಿ ಒತ್ತಡ ನೋಡಿಕೊಳ್ಳುತ್ತಾರೆ. ತೆಗೆಯುವ ಪ್ರಮಾಣವೂ ಮುಖ್ಯ. ವಯಸ್ಕರಲ್ಲಿ ಎರಡು ಮಿಲಿ ತೆಗೆದು ಲ್ಯಾಬಿಗೆ ಕಳಿಸಿದರೆ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ತೀರಾ ಕಡಿಮೆ. ಕನಿಷ್ಠ 6 ಮಿಲಿ, ಸಾಧ್ಯವಾದರೆ 10 ಮಿಲಿ ಬೇಕು. ಜೀವಕೋಶಗಳು ಏರಿ ಅದರಲ್ಲಿ ಬಿಳಿರಕ್ತಕಣದ ಒಂದು ಬಗೆಯಾದ ಲಿಂಫೋಸೈಟ್‌ಗಳೇ ಹೆಚ್ಚಿರುವುದು, ಪ್ರೋಟೀನ್ ಡೆಸಿಲೀಟರ್‌ಗೆ 100 ಮಿಲಿಗ್ರಾಂ ದಾಟಿರುವುದು, ಸಕ್ಕರೆ ಅದೇ ಹೊತ್ತಿನ ರಕ್ತದ ಸಕ್ಕರೆಯ ಅರ್ಧಕ್ಕಿಂತ ಇಳಿದಿರುವುದು ಕ್ಷಯದ ಕಡೆ ಬೊಟ್ಟು ಮಾಡುತ್ತವೆ. ಅದೇ ಹೊತ್ತಿನ ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ಬರೆದಿಡದಿದ್ದರೆ ಈ ಹೋಲಿಕೆಯೇ ಆಗುವುದಿಲ್ಲ, ಇದು ಆಗಾಗ ಮರೆತುಹೋಗುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ಜೀನ್ ಹುಡುಕುವ ಜೀನ್‌ಎಕ್ಸ್‌ಪರ್ಟ್ ಅಲ್ಟ್ರಾ ಪರೀಕ್ಷೆಯಲ್ಲಿ ಬಂದರೆ ಕ್ಷಯ ಖಚಿತ. ಬರದಿದ್ದರೆ ಕ್ಷಯ ಇಲ್ಲ ಎಂದಲ್ಲ. ಲಕ್ಷಣ ಮತ್ತು ಸ್ಕ್ಯಾನ್ ಹೊಂದುತ್ತಿದ್ದರೆ ವರದಿಗೆ ಕಾಯದೆ ಔಷಧಿ ಶುರು ಮಾಡುವುದೇ ಸರಿ.

ಔಷಧಿ, ಮತ್ತು ಅದರೊಳಗಿನ ತೊಡಕು

ಕ್ಷಯದ ನಾಲ್ಕು ಔಷಧಿ ಸೇರಿದ ಮಾತ್ರೆಯ ಲೆಕ್ಕ ತೂಕದ ಮೇಲೆ: 35ರಿಂದ 49 ಕೆಜಿಗೆ ದಿನಕ್ಕೆ ಮೂರು, 50ರಿಂದ 64 ಕೆಜಿಗೆ ನಾಲ್ಕು. ನುಂಗಲಾಗದವರಿಗೆ ಮೂಗಿನ ಕೊಳವೆಯಲ್ಲಿ ಕೊಡಬೇಕಾಗುತ್ತದೆ. ಶ್ವಾಸಕೋಶದ ಕ್ಷಯಕ್ಕೆ ಆರು ತಿಂಗಳು ಸಾಕಾದರೆ ಇಲ್ಲಿ ಕನಿಷ್ಠ ಒಂಬತ್ತು, ಬಹಳ ಸಲ ಹನ್ನೆರಡು. ಆರು ತಿಂಗಳಿಗೆ ‘ಕೋರ್ಸ್ ಮುಗಿಯಿತು’ ಎಂದು ನಿಲ್ಲಿಸುವ ತಪ್ಪು ಆಗಬಾರದು. ಸರ್ಕಾರದ ಕ್ಷಯ ನೋಂದಣಿ ಜಾಲತಾಣವಾದ ನಿಕ್ಷಯ್‌ನಲ್ಲಿ ಹೆಸರು ದಾಖಲಾದರೆ ಮೆದುಳಿನ ಕ್ಷಯದವರಿಗೂ ಪೌಷ್ಟಿಕ ಆಹಾರದ ಹಣ ಸಿಗುತ್ತದೆ. 2024ರ ನವೆಂಬರ್‌ನಿಂದ ಅದು ತಿಂಗಳಿಗೆ ₹1000.

ಜೊತೆಗೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಬೇಕು. ಎರಡು, ಮೂರನೇ ದರ್ಜೆಯಲ್ಲಿ ಕೆಜಿಗೆ ದಿನಕ್ಕೆ 0.4 ಮಿಲಿಗ್ರಾಂನಿಂದ ಶುರುಮಾಡಿ ಆರೆಂಟು ವಾರದಲ್ಲಿ ಇಳಿಸುತ್ತಾ ಬರುತ್ತಾರೆ. 2004ರಲ್ಲಿ ವಿಯೆಟ್ನಾಂನ 545 ರೋಗಿಗಳ ಅಧ್ಯಯನ ಇದರಿಂದ ಸಾವು ಕಡಿಮೆಯಾಗುತ್ತದೆಂದು ತೋರಿಸಿತು. ಅಂಗವೈಕಲ್ಯ ಅಷ್ಟೇ ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ. ಎಚ್‌ಐವಿ ಇರುವ ವಯಸ್ಕರಲ್ಲಿ ಇದರ ಲಾಭ 2023ರ ಅಧ್ಯಯನದಲ್ಲಿ ಕಾಣಲಿಲ್ಲ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ಮನೆಯವರು ನಡುವೆ ನಿಲ್ಲಿಸಿದರೆ ಅಡಗಿದ್ದ ಊತ ಒಮ್ಮೆಲೇ ಮರುಕಳಿಸಬಹುದು.

ರಕ್ತದ ಸೋಡಿಯಂ ಈ ರೋಗದಲ್ಲಿ ಆಗಾಗ ಇಳಿಯುತ್ತದೆ. ಆಗ ‘ನೀರು ಕಡಿಮೆ ಕೊಡಿ’ ಎನ್ನುವ ಅಭ್ಯಾಸ ಅಪಾಯದ್ದು. ಹಲವರಲ್ಲಿ ಉಪ್ಪೂ ನೀರೂ ಎರಡೂ ಮೂತ್ರದಲ್ಲಿ ಸೋರಿಹೋಗುತ್ತಿರುತ್ತವೆ. ಅಂಥವರಿಗೆ ನೀರು ತಡೆದರೆ ಕಿರಿದಾದ ನಾಳದಲ್ಲಿ ಹರಿವು ಇನ್ನೂ ಕುಗ್ಗಿ ಹೊಸ ಲಕ್ವಕ್ಕೆ ದಾರಿಯಾಗುತ್ತದೆ. ಔಷಧಿ ಶುರುವಾದ ಮೊದಲ ವಾರಗಳಲ್ಲೂ ಲಕ್ವ ಆಗುವುದುಂಟು, ಅದನ್ನು ‘ಮಾತ್ರೆಯಿಂದ ಆಯಿತು’ ಎಂದು ಬಗೆದು ಚಿಕಿತ್ಸೆ ಬಿಡಬಾರದು.

ಹಾಗಾದರೆ ರಕ್ತ ತೆಳುವಾಗಿಸುವ ಮಾತ್ರೆ ಎಲ್ಲರಿಗೂ ಏಕೆ ಕೊಡುವುದಿಲ್ಲ? ಮುಚ್ಚಿದ್ದು ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ರಕ್ತ ತರುವ ನಾಳದ ಲಕ್ವದಲ್ಲಿ ಗೋಡೆಯೇ ರೋಗಗ್ರಸ್ತ. ಹೆಪಾರಿನ್, ವಾರ್ಫರಿನ್‌ಗಳಿಂದ ಅಲ್ಲಿ ಲಾಭ ಕಂಡಿಲ್ಲ, ರಕ್ತಸ್ರಾವದ ಭಯವಿದೆ. ಅಲ್ಲಿ ಆಸೆ ಇರುವುದು ಆ್ಯಸ್ಪಿರಿನ್ ಮೇಲೆ. ಲಕ್ನೋದಲ್ಲಿ 118 ರೋಗಿಗಳಿಗೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 150 ಮಿಲಿಗ್ರಾಂ ಆ್ಯಸ್ಪಿರಿನ್ ಪಡೆದವರಲ್ಲಿ ಸಾವು ನೂರಕ್ಕೆ 21.7, ಪಡೆಯದವರಲ್ಲಿ 43.4 ಇತ್ತು. ಲಕ್ವವೂ ಕಡಿಮೆ ಕಂಡಿತು, ಆದರೆ ಸಂಖ್ಯಾಶಾಸ್ತ್ರದ ಒರೆಗೆ ಆ ವ್ಯತ್ಯಾಸ ನಿಲ್ಲಲಿಲ್ಲ. 2018ರ ವಿಯೆಟ್ನಾಂ ಅಧ್ಯಯನದಲ್ಲಿ ಒಟ್ಟಾರೆ ಸ್ಪಷ್ಟ ಲಾಭ ಸಿಗಲಿಲ್ಲ, ಕ್ಷಯ ಖಚಿತವಾದವರ ಗುಂಪಿನಲ್ಲಿ ಸುಳಿವು ಮಾತ್ರ ಕಂಡಿತು. ಹಾಗಾಗಿ ಇದು ತಜ್ಞರು ರೋಗಿಯನ್ನು ನೋಡಿ ತೀರ್ಮಾನಿಸುವ ವಿಷಯ. ಸ್ಟೀರಾಯ್ಡ್ ಜೊತೆ ಆ್ಯಸ್ಪಿರಿನ್ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವಂಥದ್ದಲ್ಲ.

ಸಿರೆಯ ಹೆಪ್ಪಿಗೆ ಮಾತ್ರ ರಕ್ತ ತೆಳುವಾಗಿಸಲೇಬೇಕು. ಸಾಮಾನ್ಯವಾಗಿ ಎನಾಕ್ಸಪರಿನ್ ಚುಚ್ಚುಮದ್ದು, ಕೆಜಿಗೆ ಒಂದು ಮಿಲಿಗ್ರಾಂ, 12 ಗಂಟೆಗೊಮ್ಮೆ. ಮೂತ್ರಪಿಂಡ ಸರಿ ಇಲ್ಲದಿದ್ದರೆ ಲೆಕ್ಕ ಬೇರೆ. ಬೆನ್ನಿನ ನೀರು ತೆಗೆಯುವುದು ಬಾಕಿ ಇದ್ದರೆ ಅದು ಮೊದಲು, ಇದು ಆಮೇಲೆ. ಈಗಾಗಲೇ ಈ ಪ್ರಮಾಣದಲ್ಲಿ ಕೊಡುತ್ತಿದ್ದರೆ ಕೊನೆಯ ಚುಚ್ಚುಮದ್ದಿನಿಂದ 24 ಗಂಟೆ ಬಿಟ್ಟೇ ಬೆನ್ನಿಗೆ ಸೂಜಿ. ನಂತರ ವಾರ್ಫರಿನ್ ಅಥವಾ ಅದೇ ಬಗೆಯ ಅಸಿಟ್ರಾಮ್ ಮಾತ್ರೆ, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಪರೀಕ್ಷೆ) ಎರಡರಿಂದ ಮೂರರ ನಡುವೆ ಇರುವಂತೆ, ಮೂರರಿಂದ ಹನ್ನೆರಡು ತಿಂಗಳು.

ತೊಡಕು ಇರುವುದು ಇಲ್ಲಿ. ಕ್ಷಯಕ್ಕೆ ಬಿಡಲಾಗದ ರಿಫಾಂಪಿಸಿನ್, ಯಕೃತ್ತಿನಲ್ಲಿ ಔಷಧಿ ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ವಾರ್ಫರಿನ್ ನುಂಗಿದಷ್ಟೂ ಕರಗಿಹೋಗುತ್ತದೆ. ಕೆಲವೇ ದಿನಗಳಲ್ಲಿ ಶುರುವಾಗಿ ಎರಡು ವಾರಕ್ಕೆ ಈ ಪ್ರಭಾವ ಪೂರ್ತಿ ಏರುತ್ತದೆ. ಐಎನ್‌ಆರ್ ಎರಡಕ್ಕೆ ತರಲು ವಾರ್ಫರಿನ್ ಎರಡು ಪಟ್ಟು, ಮೂರು ಪಟ್ಟು, ಕೆಲವರಲ್ಲಿ ಐದು ಪಟ್ಟು ಬೇಕಾಗುತ್ತದೆ. ಚೀಟಿಯಲ್ಲಿ ಇಷ್ಟು ದೊಡ್ಡ ಪ್ರಮಾಣ ಕಂಡು ತಾಲ್ಲೂಕಿನಲ್ಲಿ ಯಾರಾದರೂ ‘ಜಾಸ್ತಿಯಾಯಿತು’ ಎಂದು ತಾವೇ ಇಳಿಸಿದರೆ ಹೆಪ್ಪು ಮರಳುತ್ತದೆ. ಐಎನ್‌ಆರ್ ಬೇಡದ ಹೊಸ ಮಾತ್ರೆಗಳಾದ ರಿವರೊಕ್ಸಬಾನ್, ಅಪಿಕ್ಸಬಾನ್ ಈ ತೊಂದರೆಗೆ ಪರಿಹಾರವಲ್ಲ. ರಿಫಾಂಪಿಸಿನ್ ಅವುಗಳ ರಕ್ತಮಟ್ಟವನ್ನು ಸುಮಾರು ಅರ್ಧಕ್ಕಿಳಿಸುತ್ತದೆ, ಇಳಿದದ್ದು ಐಎನ್‌ಆರ್‌ನಲ್ಲಿ ಕಾಣುವುದೂ ಇಲ್ಲ.

ಊಟದ ಮಾತು. ಮಸ್ಸೊಪ್ಪು, ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ ನಮ್ಮ ಕಡೆಯ ನಿತ್ಯದ ಊಟ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗುತ್ತದೆಂದು ಸೊಪ್ಪನ್ನೇ ನಿಲ್ಲಿಸಿ ಎನ್ನುವವರಿದ್ದಾರೆ. ಕ್ಷಯದಿಂದ ಸೊರಗಿದ ದೇಹಕ್ಕೆ ಅದು ಅನ್ಯಾಯ. ವಾರಕ್ಕೆ ಮೂರು ದಿನ ತಿನ್ನುತ್ತಿದ್ದರೆ ಮೂರೇ ದಿನ, ಅಷ್ಟೇ ಪ್ರಮಾಣದಲ್ಲಿ ತಿನ್ನಲಿ. ಒಂದು ವಾರ ತುಂಬಾ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂಬುದು ಐಎನ್‌ಆರ್ ಅನ್ನು ಏರುಪೇರು ಮಾಡುತ್ತದೆ. ಮೈಕೈ ನೋವಿಗೆಂದು ಕುಂಡಿಗೆ ಡೈಕ್ಲೊಫಿನಾಕ್ ಚುಚ್ಚಿಸಿಕೊಳ್ಳುವುದು ಮಾತ್ರ ಪೂರ್ತಿ ನಿಲ್ಲಬೇಕು. ಚುಚ್ಚಿದ ಜಾಗದಲ್ಲಿ ರಕ್ತಗಡ್ಡೆಯಾಗುತ್ತದೆ, ಹೊಟ್ಟೆಯಲ್ಲೂ ಸೋರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ರಿಫಾಂಪಿಸಿನ್ ನಿಲ್ಲುವ ದಿನ. ಕಾಮಾಲೆ ಕಂಡು ನಡುವೆಯೇ ನಿಲ್ಲಿಸಿರಬಹುದು. ಆಗ ಪೆಟ್ಟು ಎರಡು ಕಡೆಯಿಂದ: ಏರಿದ್ದ ಕಿಣ್ವ ಇಳಿಯುತ್ತಾ ಬರುತ್ತದೆ, ಹೆಪ್ಪಿಗೆ ಬೇಕಾದ ಅಂಶಗಳನ್ನು ತಯಾರಿಸಬೇಕಾದ ಯಕೃತ್ತೂ ಬಳಲಿರುತ್ತದೆ. ಅಥವಾ ಕ್ಷಯದ ಚಿಕಿತ್ಸೆಯೇ ಮುಗಿದಿರಬಹುದು. ವಾರ್ಫರಿನ್ ಇನ್ನೂ ನಡೆಯುತ್ತಿದ್ದರೆ, ಹದಿನೈದು ದಿನದೊಳಗೆ ಅದೇ ಮೂರು ಪಟ್ಟಿನ ಪ್ರಮಾಣ ರಕ್ತವನ್ನು ಅತಿಯಾಗಿ ತೆಳುವಾಗಿಸಿ ಮೆದುಳಿನಲ್ಲೇ ರಕ್ತಸ್ರಾವ ಆಗಬಹುದು. ಕ್ಷಯದ ಮಾತ್ರೆ ಕೊಡುವ ಪಿಎಚ್‌ಸಿ ಒಂದು ಕಡೆ, ವಾರ್ಫರಿನ್ ಬರೆದ ನರರೋಗ ತಜ್ಞರು ಬೆಂಗಳೂರಿನಲ್ಲಿ, ಇಬ್ಬರ ನಡುವೆ ಮಾತಿಲ್ಲ. ಆದ್ದರಿಂದ ರೋಗಿಯ ಕಾರ್ಡಿನ ಮೊದಲ ಪುಟದಲ್ಲೇ ಎರಡೂ ಔಷಧಿಗಳ ಹೆಸರು, ರಿಫಾಂಪಿಸಿನ್ ಶುರುವಾದ ದಿನ, ನಿಲ್ಲಬೇಕಾದ ದಿನ ದಪ್ಪಕ್ಷರದಲ್ಲಿರಬೇಕು. ನಿಲ್ಲುವ ದಿನ ಹತ್ತಿರವಾದಾಗ ವಾರ್ಫರಿನ್ ಬರೆದವರಿಗೆ ಮುಂಚಿತವಾಗಿ ಫೋನ್ ಮಾಡಬೇಕು, ನಿಂತ ಮೇಲೆ ಮೊದಲ ನಾಲ್ಕು ವಾರ ವಾರಕ್ಕೊಮ್ಮೆಯಾದರೂ, ಆದಷ್ಟೂ ಒಂದೇ ಲ್ಯಾಬಿನಲ್ಲಿ, ಐಎನ್‌ಆರ್ ನೋಡಿಸಿ ಪ್ರಮಾಣ ಇಳಿಸುತ್ತಾ ಬರಬೇಕು. ಆ ದಿನಗಳಲ್ಲಿ ಹಲ್ಲುಜ್ಜುವಾಗ ರಕ್ತ, ಕಪ್ಪು ಮಲ, ಹೊಸ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ವಾರದ ತಪಾಸಣೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.